ಜನರನ್ನೆಣಿಸಲು ಪರದೇಶದ ನೆರವೇಕೆ?

ಒಂದು ದೇಶದಲ್ಲಿ ಎಷ್ಟು ಜನರಿದ್ದಾರೆ? ಕಳೆದ ವರ್ಷ ಅಲ್ಲಿ ಎಷ್ಟು ಮಕ್ಕಳು ಹುಟ್ಟಿದುವು? ಅವುಗಳಲ್ಲಿ ಎಷ್ಟು ಮಕ್ಕಳು ವರ್ಷ ತುಂಬುವ ಮೊದಲೇ ತೀರಿಹೋದುವು? ಮೇಲುನೋಟಕ್ಕೆ ಇವು ಬಹು ಸರಳವಾದ ಪ್ರಶ್ನೆಗಳು. ಎಣಿಸಿದರಾಯಿತು, ಅದರಲ್ಲೇನು ವಿಜ್ಞಾನ, ಎಂದು ಯಾರಾದರೂ ಕೇಳಿಯಾರು. ಆದರೆ ಭೂಪಟವನ್ನು ಮುಂದಿಟ್ಟುಕೊಂಡು ವಿಚಾರಿಸುತ್ತ ಹೋದರೆ ಆಶ್ಚರ್ಯವಾಗುತ್ತದೆ. ಆಫ್ರಿಕದ ನಡುಭಾಗದಲ್ಲಿ ವಿಸ್ತಾರವಾಗಿ ಹರಡಿರುವ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಕೊನೆಯ ಜನಗಣತಿ ನಡೆದುದು ೧೯೮೪ರಲ್ಲಿ. ಅಫಘಾನಿಸ್ತಾನದಲ್ಲಿ ೧೯೭೯ರಲ್ಲಿ ಆರಂಭವಾದ ಗಣತಿ ಅರ್ಧಕ್ಕೇ ನಿಂತಿತು. ಲೆಬನಾನಿನಲ್ಲಿ ೧೯೩೨ರಿಂದೀಚೆಗೆ ಗಣತಿಯೇ ನಡೆದಿಲ್ಲ. ಯಾವ ಮತದವರು ಎಷ್ಟೆಂಬ ಲೆಕ್ಕದ ಮೇಲೆ ಅಲ್ಲಿಯ ಅಧಿಕಾರದ ಹಂಚಿಕೆ ನಿಂತಿರುವುದರಿಂದ ಮತ್ತೆ ಎಣಿಸುವ ಧೈರ್ಯ ಯಾರಿಗೂ ಬಂದಂತಿಲ್ಲ. ಈ ದೇಶಗಳ ಜನಸಂಖ್ಯೆಯೆಂದು ಪುಸ್ತಕಗಳಲ್ಲಿ ಅಚ್ಚಾಗುವ ಅಂಕಿಗಳೆಲ್ಲ ಅಂದಾಜಿನವು.

ಇಂಥ ಕಡೆಗಳಲ್ಲಿಯೂ ಹುಟ್ಟುಸಾವುಗಳ ಬಗ್ಗೆ ಅಷ್ಟಿಷ್ಟು ನಂಬಬಹುದಾದ ತಿಳಿವಳಿಕೆ ನಮಗೆ ದೊರೆಯುತ್ತಿದ್ದುದು ಮುಖ್ಯವಾಗಿ ಮಾದರಿ ಸಮೀಕ್ಷೆಗಳಿಂದ. ಅವುಗಳಲ್ಲಿ ಅತಿ ದೊಡ್ಡದು 'ಜನಸಂಖ್ಯಾ ಮತ್ತು ಆರೋಗ್ಯ ಸಮೀಕ್ಷೆ' ಎಂಬ ಯೋಜನೆ. ಅಮೆರಿಕದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯ ಹಣದಿಂದ ೧೯೮೪ರಲ್ಲಿ ಆರಂಭವಾದ ಈ ಯೋಜನೆ ನಲವತ್ತು ವರ್ಷಗಳಲ್ಲಿ ೯೦ಕ್ಕೂ ಹೆಚ್ಚು ದೇಶಗಳಲ್ಲಿ ೪೦೦ಕ್ಕೂ ಮೀರಿದ ಸಮೀಕ್ಷೆಗಳನ್ನು ನಡೆಸಿಕೊಟ್ಟಿತು. ೨೦೨೫ರ ಫೆಬ್ರುವರಿಯಲ್ಲಿ ಅಮೆರಿಕದ ಸರ್ಕಾರ ಇದಕ್ಕೆ ಕೊಡುತ್ತಿದ್ದ ಹಣವನ್ನು ಒಮ್ಮೆಗೇ ನಿಲ್ಲಿಸಿಬಿಟ್ಟಿತು. ಹಲವು ದೇಶಗಳಲ್ಲಿ ಸಮೀಕ್ಷೆಯ ಕೆಲಸ ನಡುವಿನಲ್ಲಿತ್ತು. ಅದೇ ವರ್ಷ ಗೇಟ್ಸ್ ಪ್ರತಿಷ್ಠಾನ ಮುಂದೆ ಬಂದು, ಅರ್ಧದಲ್ಲಿದ್ದ ಕೆಲವನ್ನು ಮುಗಿಸಲು ತಾತ್ಕಾಲಿಕವಾಗಿ ಹಣ ಕೊಟ್ಟಿತು.

ಈ ಸುದ್ದಿಯನ್ನು ಕೇಳಿ ಕೆಲವರು, 'ಒಳ್ಳೆಯದೇ ಆಯಿತು. ನಮ್ಮ ಮನೆಯ ತಲೆ ಎಣಿಸಲು ಪರದೇಶದವರೇಕೆ?' ಎಂದರು. ಇನ್ನು ಕೆಲವರು, ಬಡ ದೇಶಗಳಿಗೆ ಕಣ್ಣೇ ಹೋಯಿತೆಂದು ಮರುಗಿದರು. ಎರಡು ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಎಣಿಕೆಗೆ ನೆರವು ಬೇಕು, ಅದು ಇನ್ನೂ ಬಹುಕಾಲ ಬೇಕು. ಆದರೆ ಯಾವ ನೆರವು ಹೋದೊಡನೆ ಎಣಿಕೆಯೂ ನಿಂತುಹೋಗುವುದೋ ಆ ನೆರವನ್ನು ಕೊಟ್ಟ ರೀತಿಯಲ್ಲಿಯೇ ದೋಷವಿತ್ತೆಂದು ನಮ್ಮ ಅಭಿಪ್ರಾಯ. ಇದನ್ನು ಕೊಂಚ ವಿಸ್ತಾರವಾಗಿ ವಿಚಾರ ಮಾಡೋಣ.

ನಾವು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವರು. ಜನಸಂಖ್ಯಾಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಆದರೆ ಅಳತೆ ನಮ್ಮ ಕ್ಷೇತ್ರ. ಪ್ರಯೋಗಶಾಲೆಗೆ ಮೊದಲ ಸಲ ಬರುವ ವಿದ್ಯಾರ್ಥಿಯ ಕೈಗೆ ಸ್ಕ್ರೂ ಗೇಜನ್ನು ಕೊಟ್ಟಾಗ, ತಂತಿಯನ್ನು ಅಳೆಯುವುದಕ್ಕೆ ಮುಂಚೆ ಉಪಕರಣದ ಶೂನ್ಯ ದೋಷವನ್ನು ನೋಡಿಕೊಳ್ಳಬೇಕೆಂದು ಹೇಳಿಕೊಡುತ್ತೇವೆ. ಹತ್ತು ಸಲ ಅಳೆದು ಸರಾಸರಿ ತೆಗೆದರೆ ಕೈತಪ್ಪುಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ಶೂನ್ಯ ದೋಷ ಹಾಗಲ್ಲ. ಸಾವಿರ ಸಲ ಅಳೆದರೂ ಅದು ಅಷ್ಟೇ ಉಳಿದಿರುತ್ತದೆ. ಜನಗಣತಿಯೂ ಒಂದು ಅಳತೆ. ಅದರ ಶೂನ್ಯ ದೋಷವೆಂದರೆ ಲೆಕ್ಕಕ್ಕೆ ಸಿಕ್ಕದೆ ಉಳಿದವರು: ಸೇತುವೆಯ ಕೆಳಗೆ ಮಲಗುವವರು, ಕಬ್ಬು ಕಡಿಯಲು ವಲಸೆ ಹೋದವರು, ಹೆಸರಿಡುವ ಮೊದಲೇ ತೀರಿಕೊಂಡ ಹಸುಗೂಸುಗಳು. ಇವರನ್ನು ಎಲ್ಲ ಗಣತಿದಾರರೂ ಒಂದೇ ಬಗೆಯಲ್ಲಿ ಬಿಟ್ಟುಬಿಡುತ್ತಾರೆ. ಗಣತಿದಾರರ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಈ ದೋಷ ಹೋಗದು. ನಮ್ಮ ದೇಶದ ೨೦೧೧ರ ಗಣತಿ ೧೨೧ ಕೋಟಿ ಜನರನ್ನು ಎಣಿಸಿತು. ಅನಂತರ ಮಾದರಿಯಾಗಿ ಆರಿಸಿದ ಪ್ರದೇಶಗಳಲ್ಲಿ ಮತ್ತೆ ಎಣಿಸಿ ತಾಳೆ ನೋಡಿದಾಗ ಸಾವಿರಕ್ಕೆ ೨೩ ಮಂದಿ ಬಿಟ್ಟುಹೋಗಿದ್ದರೆಂದು ತಿಳಿದುಬಂದಿತು. ಇಡೀ ದೇಶಕ್ಕೆ ಲೆಕ್ಕ ಹಾಕಿದರೆ ಅದು ಎರಡೂಮುಕ್ಕಾಲು ಕೋಟಿಗೂ ಮೀರುತ್ತದೆ. ತನ್ನ ದೋಷ ಇಷ್ಟೆಂದು ಹೇಳಬಲ್ಲ ಗಣತಿಯನ್ನು ನಂಬಬಹುದು. ದೋಷವೇ ಇಲ್ಲವೆನ್ನುವ ಗಣತಿಯನ್ನು ಕಂಡರೆ ನಮಗೆ ಅನುಮಾನ.

ಬಿಟ್ಟುಹೋದವರನ್ನು ಅಂದಾಜು ಮಾಡುವುದಾದರೂ ಹೇಗೆ? ಕಾಣದಿರುವುದನ್ನು ಎಣಿಸುವುದು ಸಾಧ್ಯವೆ? ಇಲ್ಲಿ ಒಂದು ಸೊಗಸಾದ ಯುಕ್ತಿಯಿದೆ. ಒಂದು ಹೋಬಳಿಯಲ್ಲಿ ಒಂದು ವರ್ಷ ಹುಟ್ಟಿದ ಮಕ್ಕಳ ಸಂಖ್ಯೆ ನಮಗೆ ಬೇಕೆನ್ನೋಣ. ನೋಂದಣಿ ಪುಸ್ತಕದಲ್ಲಿ ೮೦ ಜನನಗಳು ದಾಖಲಾಗಿವೆ. ಆ ಪುಸ್ತಕವನ್ನು ನೋಡದೆಯೇ ಮನೆಮನೆಗೆ ಹೋಗಿ ವಿಚಾರಿಸಿದ ಇನ್ನೊಂದು ತಂಡ ೯೦ ಜನನಗಳನ್ನು ಕಂಡುಕೊಂಡಿತು. ಎರಡು ಪಟ್ಟಿಗಳನ್ನೂ ಹೆಸರು ಹಿಡಿದು ತಾಳೆ ನೋಡಿದಾಗ ೭೨ ಮಕ್ಕಳು ಎರಡರಲ್ಲಿಯೂ ಸಿಕ್ಕವು. ಎಂದರೆ, ತಂಡವು ಕಂಡ ೯೦ ಮಕ್ಕಳಲ್ಲಿ ನೋಂದಣಿ ಪುಸ್ತಕ ಹಿಡಿದುದು ೭೨, ನೂರಕ್ಕೆ ೮೦ರಂತೆ. ಒಟ್ಟು ಜನನಗಳಲ್ಲಿಯೂ ಪುಸ್ತಕ ನೂರಕ್ಕೆ ೮೦ನ್ನೇ ಹಿಡಿದಿದೆಯೆಂದು ಭಾವಿಸಿದರೆ, ಅದರಲ್ಲಿರುವುದು ೮೦ ಆದುದರಿಂದ ನಿಜವಾಗಿ ಹುಟ್ಟಿದುವು ೧೦೦. ಎರಡು ಪಟ್ಟಿಗಳನ್ನು ಒಟ್ಟುಗೂಡಿಸಿದರೂ ಸಿಕ್ಕುವುದು ೯೮. ಉಳಿದ ಎರಡು ಮಕ್ಕಳನ್ನು ಯಾರೂ ನೋಡಲಿಲ್ಲ. ಆದರೂ ಅವು ಇದ್ದುವೆಂದು ಲೆಕ್ಕ ಹೇಳುತ್ತದೆ! ಇಲ್ಲಿ ಒಂದು ನಿಬಂಧನೆಯುಂಟು. ಎರಡು ಎಣಿಕೆಗಳೂ ಒಂದರ ಹಂಗು ಇನ್ನೊಂದಕ್ಕಿಲ್ಲದಂತೆ ನಡೆಯಬೇಕು. ಬಿಸಿಲಿಗೆ ಅಂಜಿ ತಂಡದವರು ನೋಂದಣಿ ಪುಸ್ತಕದ ೮೦ ಹೆಸರುಗಳನ್ನು ನಕಲು ಮಾಡಿಕೊಂಡು, ಹತ್ತಿರದ ಬೀದಿಗಳಲ್ಲಿ ಕಂಡ ಇನ್ನು ಹತ್ತನ್ನು ಸೇರಿಸಿ ತಂದರೆ ಎರಡರಲ್ಲಿಯೂ ಸಿಕ್ಕವು ೮೦ ಆಗುತ್ತವೆ. ಲೆಕ್ಕ ಹುಟ್ಟಿದುವು ೯೦ ಎನ್ನುತ್ತದೆ, ಯಾರೂ ಬಿಟ್ಟುಹೋಗಿಲ್ಲವೆಂದು ಸಾರುತ್ತದೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕು.

ಈ ಸೂತ್ರಕ್ಕೆ ಚಂದ್ರಶೇಖರನ್–ಡೆಮಿಂಗ್ ಸೂತ್ರವೆಂದು ಹೆಸರು. ಚಿದಂಬರ ಚಂದ್ರಶೇಖರನ್ ಕಲ್ಕತ್ತೆಯ ಅಖಿಲ ಭಾರತ ಆರೋಗ್ಯವಿಜ್ಞಾನ ಸಂಸ್ಥೆಯಲ್ಲಿದ್ದವರು. ಡೆಮಿಂಗ್ ಅಮೆರಿಕದ ಸಂಖ್ಯಾಶಾಸ್ತ್ರಜ್ಞ. ಇಬ್ಬರೂ ಕೂಡಿ ೧೯೪೯ರಲ್ಲಿ ಪ್ರಕಟಿಸಿದ ಲೇಖನಕ್ಕೆ ಆಧಾರವಾದುದು ಬಂಗಾಳದ ಸಿಂಗೂರು ಆರೋಗ್ಯ ಕೇಂದ್ರದ ಹಳ್ಳಿಗಳಲ್ಲಿ ಸಂಗ್ರಹಿಸಿದ ಹುಟ್ಟುಸಾವುಗಳ ಲೆಕ್ಕ. ಕಲ್ಕತ್ತೆಯ ಆ ಸಂಸ್ಥೆ ೧೯೩೨ರಲ್ಲಿ ಕಟ್ಟಲ್ಪಟ್ಟುದು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಧನಸಹಾಯದಿಂದ. ಪರದೇಶದ ಹಣ ಒಂದು ಸಂಸ್ಥೆಯನ್ನು ಕಟ್ಟಿತು. ಸಂಸ್ಥೆ ಮನುಷ್ಯರನ್ನು ಬೆಳೆಸಿತು. ಆ ಮನುಷ್ಯರು ನಮ್ಮ ಹಳ್ಳಿಗಳ ಅರೆಬರೆ ದಾಖಲೆಗಳಿಂದಲೇ ಲೋಕವೆಲ್ಲ ಬಳಸುವ ಒಂದು ಸೂತ್ರವನ್ನು ಹೊರತೆಗೆದರು. ಎಲ್ಲ ಜನನಗಳೂ ತಪ್ಪದೆ ದಾಖಲಾಗುವ ಸ್ವೀಡನ್ನಿನಂಥ ದೇಶದಲ್ಲಿ ಈ ಸೂತ್ರಕ್ಕೆ ಅಗತ್ಯವೇ ಬೀಳುತ್ತಿರಲಿಲ್ಲ.

ಇದೇ ಚಂದ್ರಶೇಖರನ್ ಅವರ ಹೆಸರು ನಮ್ಮ ನಾಡಿನ ಇನ್ನೊಂದು ಕಾರ್ಯದೊಡನೆಯೂ ಹೆಣೆದುಕೊಂಡಿದೆ. ೧೯೫೧–೫೨ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಜೊತೆಗೂಡಿ ಅಂದಿನ ಮೈಸೂರು ರಾಜ್ಯದಲ್ಲಿ ಜನಸಂಖ್ಯೆಯ ವಿಸ್ತೃತ ಸಮೀಕ್ಷೆಯೊಂದನ್ನು ನಡೆಸಿದುವು. ಬೆಂಗಳೂರು ನಗರದಲ್ಲಿ, ಚಿಕ್ಕ ಊರುಗಳಲ್ಲಿ, ಆರಿಸಿದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮದುವೆಯ ವಯಸ್ಸು, ಹುಟ್ಟಿದ ಮಕ್ಕಳು, ಉಳಿದ ಮಕ್ಕಳು, ಎಷ್ಟು ಮಕ್ಕಳಿದ್ದರೆ ಸಾಕೆಂಬ ದಂಪತಿಗಳ ಅಭಿಪ್ರಾಯ, ಇವನ್ನೆಲ್ಲ ಕೇಳಿ ಬರೆದುಕೊಂಡರು. ನಮ್ಮ ಹಿರಿಯರು ಖಾನೇಷುಮಾರಿ ಎನ್ನುತ್ತಿದ್ದ ತಲೆಯೆಣಿಕೆಗಿಂತ ಇದು ಬಹುದೂರ ಮುಂದೆ ಹೋಗಿತ್ತು. ಇದರ ವರದಿ ನ್ಯೂಯಾರ್ಕಿನಿಂದ ೧೯೬೧ರಲ್ಲಿ ಹೊರಬಂದಿತು. ಪ್ರಶ್ನೆಗೆ ಉತ್ತರ ಕೊಟ್ಟ ತಾಯಿಯ ಮಡಿಲ ಮಗು ಅಷ್ಟರಲ್ಲಿ ನಾಲ್ಕನೆಯ ತರಗತಿಯನ್ನು ಮುಗಿಸಿರಬೇಕು! ಎಣಿಕೆಯ ಕೆಲಸದಲ್ಲಿ ಈ ವಿಳಂಬ ಸಣ್ಣ ವಿಷಯವಲ್ಲ. ಒಂಬತ್ತು ವರ್ಷ ಹಳೆಯ ಅಂಕಿಗಳಿಂದ ಶಾಲೆ ಕಟ್ಟಿಸುವುದು ಕಷ್ಟ.

ಆದರೂ ಅಂಥ ಕೆಲಸಗಳ ಅನುಭವ ವ್ಯರ್ಥವಾಗಲಿಲ್ಲ. ೧೯೫೬ರಲ್ಲಿ ಮುಂಬಯಿಯ ಚೆಂಬೂರಿನಲ್ಲಿ ಸರ್ ದೊರಾಬ್ಜಿ ಟಾಟಾ ಟ್ರಸ್ಟ್, ಭಾರತ ಸರ್ಕಾರ, ವಿಶ್ವಸಂಸ್ಥೆ ಈ ಮೂವರೂ ಸೇರಿ ಜನಸಂಖ್ಯಾಶಾಸ್ತ್ರದ ತರಬೇತಿ ಮತ್ತು ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. ಚಂದ್ರಶೇಖರನ್ ಮುಂದೆ ಅದರ ನಿರ್ದೇಶಕರೂ ಆದರು. ಇಂದು ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯೆಂದು ಹೆಸರಾಗಿರುವ ಆ ಕೇಂದ್ರದಲ್ಲಿ ಏಷ್ಯದ ಅನೇಕ ದೇಶಗಳ ವಿದ್ಯಾರ್ಥಿಗಳು ಕಲಿತುಹೋಗಿದ್ದಾರೆ. ೧೯೯೨–೯೩ರಲ್ಲಿ ನಮ್ಮ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ ಹಣ ಅಮೆರಿಕದಿಂದ ಬಂದಿತ್ತು. ಹೊಣೆ ಹೊತ್ತುದು ಚೆಂಬೂರು. ೨೦೧೯–೨೧ರ ಐದನೆಯ ಸುತ್ತಿನವರೆಗೆ ಹಣ ಕೊಟ್ಟವರು ಬದಲಾದರು, ಹೊಣೆ ಹೊತ್ತವರು ಬದಲಾಗಲಿಲ್ಲ. ಒಬ್ಬ ಮಹಿಳೆಗೆ ಸರಾಸರಿ ಎರಡೇ ಮಕ್ಕಳು ಎಂಬ ಮಟ್ಟಕ್ಕೆ ದೇಶ ಇಳಿದಿದೆಯೆಂದು ಆ ಐದನೆಯ ಸುತ್ತು ತಿಳಿಸಿದಾಗ, ಅದನ್ನು ಪರದೇಶದವರ ಲೆಕ್ಕವೆಂದು ಯಾರೂ ತಳ್ಳಿಹಾಕಲಾರರಾದರು.

ನೆರವಿನ ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ನೆರವು ಕೊಡುವವರು ಎಷ್ಟೋ ವೇಳೆ ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು ಪ್ರಶ್ನೆ ಕೇಳಲು ಬಂದರು. ೧೯೫೨ರ ಆಸುಪಾಸಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಮ್ಮ ರಾಮನಗರದಲ್ಲಿಯೂ ದೆಹಲಿಯ ಲೋದಿ ಕಾಲೊನಿಯಲ್ಲಿಯೂ ಒಂದು ಪ್ರಯೋಗ ನಡೆಯಿತು. ತಿಂಗಳಿನಲ್ಲಿ ಗರ್ಭಧಾರಣೆಯ ಸಂಭವವಿರುವ ದಿನಗಳಿಗೆ ಒಂದು ಬಣ್ಣ, ಇಲ್ಲದ ದಿನಗಳಿಗೆ ಇನ್ನೊಂದು ಬಣ್ಣದಂತೆ ಪೋಣಿಸಿದ ಮಣಿಸರಗಳನ್ನು ಹೆಂಗಸರಿಗೆ ಕೊಟ್ಟು, ದಿನಕ್ಕೊಂದು ಮಣಿಯನ್ನು ಸರಿಸುತ್ತ ಹೋಗಬೇಕೆಂದು ಹೇಳಿಕೊಟ್ಟರು. ಅದು ನಿರೀಕ್ಷಿಸಿದ ಫಲವನ್ನು ಕೊಡಲಿಲ್ಲ. ಪಂಜಾಬಿನ ಖನ್ನಾ ಎಂಬಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ೧೯೫೩ರಿಂದ ಹಲವು ವರ್ಷ ಇನ್ನೂ ದೊಡ್ಡ ಅಧ್ಯಯನ ನಡೆಸಿದರು. ಹಳ್ಳಿಗರು ಸಂತಾನ ನಿರೋಧದ ಮಾತ್ರೆಗಳನ್ನು ವಿನಯದಿಂದ ತೆಗೆದುಕೊಂಡರು. ದಾಖಲೆಯಲ್ಲಿ ಅದು ಒಪ್ಪಿಗೆಯೆಂದು ಬರೆಯಲ್ಪಟ್ಟಿತು. ಜನನ ಪ್ರಮಾಣ ಮಾತ್ರ ಆ ಮಾತ್ರೆಗಳಿಂದ ಇಳಿಯಲಿಲ್ಲ. ಮಹಮೂದ್ ಮಮ್ದಾನಿ ಎಂಬ ಯುವ ವಿದ್ವಾಂಸ ಅದೇ ಹಳ್ಳಿಗಳಲ್ಲೊಂದಾದ ಮನೂಪುರಕ್ಕೆ ಹೋಗಿ ವಿಚಾರಿಸಿದಾಗ, ಬಹುಮಂದಿ ಮಾತ್ರೆಗಳನ್ನು ಬಳಸಲೇ ಇಲ್ಲವೆಂದು ತಿಳಿಯಿತು. ಒಬ್ಬಾತ ಖಾಲಿ ಪೆಟ್ಟಿಗೆಗಳನ್ನು ಜೋಡಿಸಿ ಮನೆಯಲ್ಲಿ ಅಲಂಕಾರದ ವಸ್ತುವನ್ನು ಮಾಡಿಟ್ಟಿದ್ದ. ಹೊಲದಲ್ಲಿ ದುಡಿಯುವ ಕೈಗಳು ಬೇಕಾದವನಿಗೆ ಮಕ್ಕಳು ಹೊರೆಯಲ್ಲವೆಂಬುದನ್ನು ಅಧ್ಯಯನ ಗಮನಿಸಿರಲಿಲ್ಲವೆಂದು ಮಮ್ದಾನಿ ೧೯೭೨ರಲ್ಲಿ ಬರೆದ ಪುಸ್ತಕದಲ್ಲಿ ವಾದಿಸಿದರು. ಜನರನ್ನು ತಿಳಿಯುವ ಆಸೆಯನ್ನು ಜನರನ್ನು ತಗ್ಗಿಸುವ ಆತುರ ನುಂಗಿಬಿಟ್ಟರೆ ಏನಾಗುತ್ತದೆಂಬುದನ್ನು ೧೯೭೬–೭೭ರಲ್ಲಿ ತುರ್ತುಪರಿಸ್ಥಿತಿಯ ನಡುವೆ ನಡೆದ ೮೦ ಲಕ್ಷಕ್ಕೂ ಮೀರಿದ ಸಂತಾನಹರಣ ಶಸ್ತ್ರಚಿಕಿತ್ಸೆಗಳಿಂದ ನಾವು ಕಲಿಯಬೇಕಾಯಿತು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ನಮ್ಮ ರಾಜ್ಯದಲ್ಲಿಯೇ ಇದೆ. ವಿಶ್ವಬ್ಯಾಂಕಿನ ಬಳಗ ಮತ್ತು ಸ್ವೀಡನ್ನಿನ ನೆರವಿನ ಯೋಜನೆಯೊಂದರಿಂದ ಬೆಂಗಳೂರಿನಲ್ಲಿ ಒಂದು ಜನಸಂಖ್ಯಾ ಕೇಂದ್ರ ಹುಟ್ಟಿಕೊಂಡಿತು. ಅದರ ಪಿ. ಎಚ್. ರೆಡ್ಡಿ ಅವರೂ ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿಗಳೂ ೧೯೮೦ರ ಸುಮಾರಿನಲ್ಲಿ ಕರ್ನಾಟಕದ ಹಳ್ಳಿಗಳಲ್ಲಿಯೇ ಬಹುಕಾಲ ಕಳೆದು, ಮನೆಯವರೊಡನೆ ಮಾತನಾಡುತ್ತ, ಮದುವೆಯ ವಯಸ್ಸು ಏಕೆ ಏರುತ್ತಿದೆ, ಮಕ್ಕಳ ಸಂಖ್ಯೆ ಏಕೆ ಇಳಿಯುತ್ತಿದೆ ಎಂಬುದನ್ನು ಶೋಧಿಸಿದರು. ಪ್ರಶ್ನೆಪತ್ರಿಕೆಯ ಚೌಕಗಳಲ್ಲಿ ಗುರುತು ಹಾಕಿ ಸಂಜೆಯ ಬಸ್ಸಿಗೆ ಹಿಂದಿರುಗುವವರಿಗೆ ಸಿಕ್ಕದ ಸಂಗತಿಗಳು ಅವರಿಗೆ ಸಿಕ್ಕವು.

ಹಣದ ವಿಷಯವನ್ನು ಸ್ವಲ್ಪ ಲೆಕ್ಕ ಹಾಕೋಣ. ಚೀನದ ೧೯೮೨ರ ಜನಗಣತಿಗೆ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಗಣಕಯಂತ್ರಗಳಿಗೂ ತರಬೇತಿಗೂ ಸುಮಾರು ಒಂದೂವರೆ ಕೋಟಿ ಡಾಲರುಗಳ ನೆರವಿತ್ತಿತು. ಎಣಿಕೆಯಾದವರು ನೂರು ಕೋಟಿಗೂ ಮೀರಿದರು. ತಲೆಗೆ ಒಂದೂವರೆ ಸೆಂಟು! ಮನೆಮನೆಗೂ ನಡೆದ ೫೦ ಲಕ್ಷ ಗಣತಿದಾರರ ಶ್ರಮವೆಲ್ಲ ಚೀನದ್ದೇ. ಹೊರಗಿನ ನೆರವು ಹಿಟ್ಟಿಗೆ ಬೆರೆಸಿದ ಹೆಪ್ಪಿನಂತೆ. ಅಳತೆಯಲ್ಲಿ ಅಲ್ಪ, ಆದರೆ ಅದಿಲ್ಲದೆ ಹಿಟ್ಟು ಹುದುಗುವುದಿಲ್ಲ. ನಮ್ಮ ೨೦೨೭ರ ಗಣತಿಗೆ ಕೇಂದ್ರ ಸಚಿವ ಸಂಪುಟ ೨೦೨೫ರ ಡಿಸೆಂಬರಿನಲ್ಲಿ ೧೧,೭೧೮ ಕೋಟಿ ರೂಪಾಯಿಗಳಿಗೆ ಒಪ್ಪಿಗೆ ಕೊಟ್ಟಿತು. ತಲೆಗೆ ೮೦ ರೂಪಾಯಿಯ ಆಸುಪಾಸು. ಇದನ್ನು ನಾವೇ ಭರಿಸಬಲ್ಲೆವು. ಆದುದರಿಂದಲೇ ೨೦೨೧ರಲ್ಲಿ ಆಗಬೇಕಾಗಿದ್ದ ಗಣತಿ ಸಾಂಕ್ರಾಮಿಕ ಮುಗಿದ ಮೇಲೂ ವರ್ಷಗಟ್ಟಲೆ ಮುಂದಕ್ಕೆ ಹೋದುದಕ್ಕೆ ಹಣದ ಕೊರತೆಯನ್ನು ಕಾರಣವಾಗಿ ಹೇಳುವಂತಿಲ್ಲ. ೨೦೧೩ರ ಆಹಾರ ಭದ್ರತಾ ಶಾಸನದಂತೆ ಪಡಿತರ ಪಡೆಯುವವರ ಮಿತಿಯನ್ನು ನಿಶ್ಚಯಿಸಿದುದು ೨೦೧೧ರ ಎಣಿಕೆಯಿಂದ. ಅನಂತರ ಹುಟ್ಟಿದವರಿಗೆ ಆ ಲೆಕ್ಕದಲ್ಲಿ ಸ್ಥಳವಿರಲಿಲ್ಲ. ಎಣಿಕೆ ತಡವಾದರೆ ಯಾರ ತಟ್ಟೆ ಬರಿದಾಗುತ್ತದೆಂಬುದು ಇದರಿಂದ ತಿಳಿಯುತ್ತದೆ.

ಭರಿಸಲಾರದ ದೇಶಗಳ ಮಾತು ಬೇರೆ. ಸಾವುಗಳನ್ನು ದಾಖಲು ಮಾಡುವ ವ್ಯವಸ್ಥೆಯೇ ಇಲ್ಲದ ನಾಡಿನಲ್ಲಿ ಶಿಶುಮರಣವನ್ನು ತಿಳಿಯಲು ತಾಯಂದಿರ ನೆನಪೊಂದೇ ದಾರಿ. ಎಷ್ಟು ಮಕ್ಕಳನ್ನು ಹೆತ್ತಿರಿ, ಎಷ್ಟು ಬದುಕಿವೆ ಎಂಬ ಎರಡೇ ಪ್ರಶ್ನೆಗಳಿಂದ ಮರಣ ಪ್ರಮಾಣವನ್ನು ಲೆಕ್ಕ ಹಾಕುವ ಉಪಾಯವನ್ನು ಸ್ಕಾಟ್ಲೆಂಡಿನ ವಿಲಿಯಂ ಬ್ರಾಸ್ ಕಂಡುಹಿಡಿದರು. ನೈರೋಬಿಯ ಸಂಖ್ಯಾಶಾಸ್ತ್ರ ಇಲಾಖೆಯಲ್ಲಿ ಕೆಲಸ ಮಾಡಿದ ಅನುಭವ ಅವರಿಗಿತ್ತು. ನಿಂತುಹೋದ ಅಮೆರಿಕನ್ ಯೋಜನೆ ಇನ್ನೂ ಮುಂದೆ ಹೋಗಿ, ೧೫ರಿಂದ ೪೯ ವರ್ಷದ ಮಹಿಳೆಯರಿಂದ ಪ್ರತಿಯೊಂದು ಹೆರಿಗೆಯ ತಿಂಗಳು ವರ್ಷಗಳನ್ನೂ ತೀರಿಹೋದ ಮಗುವಿನ ವಯಸ್ಸನ್ನೂ ಕೇಳಿ ಬರೆಯುತ್ತಿತ್ತು; ಮಕ್ಕಳ ಎತ್ತರ ತೂಕಗಳನ್ನು ಅಳೆಯುತ್ತಿತ್ತು. ಒಂದೇ ಬಗೆಯ ಪ್ರಶ್ನೆಗಳನ್ನು ಎಲ್ಲ ಕಡೆಯೂ ಕೇಳಿದುದರಿಂದ ಒಂದು ದೇಶವನ್ನು ಇನ್ನೊಂದರೊಡನೆ ಹೋಲಿಸುವುದು ಸಾಧ್ಯವಾಯಿತು. ಇಂಥದನ್ನು ಒಂದು ಚುನಾವಣೆಯ ಫಲಿತಾಂಶ ಕೊನೆಗಾಣಿಸಬಲ್ಲುದಾದರೆ, ಅದನ್ನು ಒಬ್ಬನೇ ದಾನಿಯ ಕೈಯಲ್ಲಿ ನಲವತ್ತು ವರ್ಷ ಬಿಟ್ಟುದು ಅವಿವೇಕ. ಕೊಟ್ಟವರು ಏಕಾಏಕಿ ಕೈ ಹಿಂತೆಗೆದುದು ತಪ್ಪು. ಪಡೆದ ಸರ್ಕಾರಗಳಲ್ಲಿ ಅನೇಕವು ಎರವಲು ಒಡವೆಯನ್ನು ಸ್ವಂತದ್ದೆಂದು ಭಾವಿಸಿ, ತಮ್ಮ ಸಂಖ್ಯಾಶಾಸ್ತ್ರ ಇಲಾಖೆಗೆ ಒಂದು ಕಾಸನ್ನೂ ಹೆಚ್ಚಿಸದೆ ಇದ್ದುದೂ ತಪ್ಪು.

ಇನ್ನು ಮುಂದೆ ಕೊಡುವ ನೆರವು ಸಮೀಕ್ಷೆಗೆಂದು ಬಾರದೆ ಸಮೀಕ್ಷೆ ಮಾಡಬಲ್ಲವರನ್ನು ತಯಾರಿಸಲೆಂದು ಬರಬೇಕು. ಹಲವು ದೇಶಗಳು ಪಾಲು ಹಾಕಿದ ನಿಧಿಯಿಂದ, ಹತ್ತು ಹದಿನೈದು ವರ್ಷಗಳ ಭರವಸೆಯೊಡನೆ ಬರಬೇಕು. ತುಂಬಿದ ಪ್ರಶ್ನೆಪತ್ರಿಕೆಗಳ ಮೂಲ ಪ್ರತಿ ಆ ದೇಶದಲ್ಲಿಯೇ ಉಳಿಯಬೇಕು. ಜನರ ಹೆಸರುಗಳು ಎಲ್ಲಿಗೂ ಹೋಗಬಾರದು. ಮೈಸೂರಿನ ವರದಿಗೆ ಹಿಡಿದ ಒಂಬತ್ತು ವರ್ಷ ಈಗ ಯಾರಿಗೂ ಬೇಕಿಲ್ಲ.

ಈ ಕೆಲಸದಲ್ಲಿ ಭಾರತ ಪಡೆಯುವವರ ಸಾಲಿನಿಂದ ಎದ್ದು ಕೊಡುವವರ ಸಾಲಿಗೆ ಹೋಗಬೇಕಾದ ಕಾಲ ಬಂದಿದೆ. ಇದು ಹೊಸ ಮಾತೇನಲ್ಲ. ಮಹಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಸರೆಯಲ್ಲಿ, ಯುನೆಸ್ಕೋ ಬೆಂಬಲದಿಂದ, ಕಲ್ಕತ್ತೆಯಲ್ಲಿ ೧೯೫೦ರಲ್ಲಿಯೇ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಶಿಕ್ಷಣ ಕೇಂದ್ರ ತೆರೆಯಿತು. ಏಷ್ಯ ಆಫ್ರಿಕಗಳ ಸರ್ಕಾರಿ ನೌಕರರು ಅಲ್ಲಿಗೆ ಬಂದು ಕಲಿತರು. ದೇಶಕ್ಕೆ ಅನ್ನಕ್ಕೇ ಕಷ್ಟವಿದ್ದ ದಿನಗಳವು. ಇಂದು ನಮ್ಮಲ್ಲಿ ೩೦ ಲಕ್ಷ ಮಂದಿ ತೊಡಗುವ ಗಣತಿಯೇ ಒಂದು ಪಾಠಶಾಲೆ. ೨೦೨೭ರ ಎಣಿಕೆಯಲ್ಲಿ ಬಿಟ್ಟುಹೋದವರನ್ನು ಹುಡುಕಲು ನಮ್ಮವರು ಮತ್ತೆ ಮನೆಮನೆಗೆ ಹೋಗುವಾಗ, ಆಫ್ರಿಕದ ಸಂಖ್ಯಾಶಾಸ್ತ್ರ ಇಲಾಖೆಗಳ ಐವತ್ತು ಮಂದಿ ತರುಣರನ್ನು ಜೊತೆಗೆ ಕರೆದೊಯ್ಯಬಹುದು. ಎರಡು ಪಟ್ಟಿಗಳನ್ನು ಹೆಸರು ಹಿಡಿದು ತಾಳೆ ನೋಡುವ ಬೇಸರದ ಕೆಲಸವನ್ನು ಅವರು ನಮ್ಮವರ ಪಕ್ಕದಲ್ಲಿ ಕುಳಿತು ಮಾಡಲಿ. ಅದಕ್ಕೆ ತಗಲುವುದು ಅವರ ವಿಮಾನದ ಟಿಕೀಟು, ಕೆಲವು ತಿಂಗಳುಗಳ ಊಟ ಮತ್ತು ವಸತಿ.